‘ರಿಂಗ್ ಹೋಗಿದೆ’ ಎಂದವರಿಗೆ ಮಡಿಕೇರಿಯ ಲೆಕ್ಕ

ಸಂಪಾಜೆ ಘಾಟಿ ಇಳಿದು ಆಕ್ಸಿಲರೇಟರ್ ಒತ್ತಿದ ಕೂಡಲೇ ನನ್ನ ಮಾರುತಿ 800ರ ಹಿಂದೆ ನೀಲಿ ಹೊಗೆ ಎದ್ದು ನಿಲ್ಲುತ್ತಿತ್ತು. 1999ರ ಗಾಡಿ, ಕಾರ್ಬುರೇಟರಿನದು, ಎರಡು ಲಕ್ಷದ ಹತ್ತು ಸಾವಿರ ಕಿಲೋಮೀಟರ್ ಆಸುಪಾಸು ಓಡಿದೆ. ಒಂಬೈನೂರು ಕಿಲೋಮೀಟರಿಗೆ ಒಂದು ಲೀಟರ್ ಆಯಿಲ್ ಕುಡಿಯುತ್ತಿತ್ತು. ತೋರಿಸಿದ ಮೆಕ್ಯಾನಿಕ್ ಬಾನೆಟ್ ಕೂಡ ಎತ್ತಲಿಲ್ಲ. ‘ರಿಂಗ್ ಹೋಗಿದೆ ಸರ್, ಬೋರಿಂಗ್ ಮಾಡಿಸಬೇಕು, 38 ಸಾವಿರ ಇಟ್ಟುಕೊಳ್ಳಿ’ ಎಂದ. ರಿಂಗ್ ಎಂದರೆ ಪಿಸ್ಟನ್ನಿನ ಸುತ್ತ ಕೂತು ಆಯಿಲ್ ಮೇಲೆ ಬರದಂತೆ ತಡೆಯುವ ಬಳೆ, ಬೋರಿಂಗ್ ಎಂದರೆ ಸವೆದ ಸಿಲಿಂಡರನ್ನು ಕೊರೆಸುವುದು. ಹೆಂಡತಿಯ ತಮ್ಮನದು ಇನ್ನೂ ಸುಲಭದ ದಾರಿ: ‘ಭಾವ, ಗುಜರಿಯವರು 25 ಸಾವಿರ ಕೊಡುತ್ತಾರೆ. ಬೆಲೆ ಇರುವಾಗಲೇ ಕೊಟ್ಟುಬಿಡಿ.’

ಹೊಗೆ ಘಾಟಿ ಹತ್ತುವಾಗ ಬರುತ್ತಿರಲಿಲ್ಲ, ಇಳಿದ ಮೇಲೆ ಬರುತ್ತಿತ್ತು. ಮತ್ತೆ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದು ಗುಕ್ಕು. ರಿಂಗ್ ಸವೆದ ಎಂಜಿನ್ ಹತ್ತುವಾಗಲೇ ಹೆಚ್ಚು ಹೊಗೆಯಾಡಬೇಕಲ್ಲವೇ? ಈ ಒಂದು ಅನುಮಾನದ ಮೇಲೆ, ದೋಷ ಹುಡುಕುವುದಕ್ಕೇ ನಾನು ಆರು ವಾರ ಮತ್ತು ಐದು ಸಾವಿರ ರೂಪಾಯಿ ಕಳೆದೆ.

ಮೊದಲ 450 ರೂಪಾಯಿ ನೇರ ನೀರಿಗೆ ಹೋಯಿತು. ಪ್ಲಗ್ ತೂತಿಗೆ ರಬ್ಬರ್ ಒತ್ತಿ ಹಿಡಿಯುವ ಅಗ್ಗದ ಕಂಪ್ರೆಷನ್ ಗೇಜ್ ತರಿಸಿದ್ದೆ, ಪಿಸ್ಟನ್ ಗಾಳಿಯನ್ನು ಎಷ್ಟು ಒತ್ತುತ್ತದೆ ಎಂದು ಅಳೆಯುವುದಕ್ಕೆ. ಮೂರು ಸಿಲಿಂಡರಿನಲ್ಲೂ 80, 90 ಪಿಎಸ್‌ಐ (ಒತ್ತಡದ ಅಳತೆ) ಎಂದು ಬಂತು. ಇಷ್ಟು ಕಡಿಮೆಯೇ ಎಂದು ಒಂದು ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ಸೋಪಿನ ನೀರು ಹಚ್ಚಿ ನೋಡಿದರೆ ರಬ್ಬರಿನ ಸುತ್ತ ಗುಳ್ಳೆಯೋ ಗುಳ್ಳೆ. ತಿರುಪಿನಂತೆ ತಿರುಗಿಸಿ ಕೂರಿಸುವ ಗೇಜಿಗೆ ಮತ್ತೆ 1,400 ಕೊಟ್ಟೆ. ಅದರಲ್ಲೂ 110 ದಾಟಲಿಲ್ಲ. ಆಗ ಕಾರಣ ನಾನೇ. ಮಗನನ್ನು ಸೀಟಿನಲ್ಲಿ ಕೂರಿಸಿ ಸೆಲ್ಫ್ ಹೊಡೆಸುತ್ತಿದ್ದೆ, ಆದರೆ ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿ ಎಂದು ಹೇಳಿರಲಿಲ್ಲ. ಗಾಳಿಯೇ ಒಳಗೆ ಹೋಗದಿದ್ದರೆ ಒತ್ತಡ ಎಲ್ಲಿಂದ ಬರಬೇಕು! ಬ್ಯಾಟರಿಯೂ ಮುದುಕ. ಪಕ್ಕದ ಮನೆಯ ಜೀಪಿನ ಬ್ಯಾಟರಿ ಕಟ್ಟಿ, ಕಾಯಿಲ್ ತಂತಿ ಬಿಚ್ಚಿ, ಮೂರೂ ಪ್ಲಗ್ ತೆಗೆದು, ಪ್ರತಿ ಸಿಲಿಂಡರಿಗೂ ಸರಿಯಾಗಿ ಆರು ಸುತ್ತು ಎಣಿಸಿದ ಮೇಲೆ ಸಿಕ್ಕಿದ್ದು ಒಂದನೆಯದಕ್ಕೆ 138, ಎರಡನೆಯದಕ್ಕೆ 95, ಮೂರನೆಯದಕ್ಕೆ 135 ಪಿಎಸ್‌ಐ.

ಎಂಜಿನ್ ಬಿಸಿಯಾಗಿದ್ದಾಗ ಪ್ಲಗ್ ಬಿಚ್ಚುವಾಗ ಅವಸರ ಮಾಡಬೇಡಿ. ಹೆಡ್ ಅಲ್ಯೂಮಿನಿಯಂ. ಮೂರನೆಯ ಪ್ಲಗ್ ಕಿರ್ ಎಂದಾಗ ನನ್ನ ಎದೆಯೂ ಕಿರ್ ಎಂದಿತ್ತು.

ಅಂಕಿಗಳನ್ನು ಫೋನಿನಲ್ಲಿ ಕೇಳಿದ ಮೆಕ್ಯಾನಿಕ್, ‘138 ಎಂದರೂ ಕಡಿಮೆಯೇ, ಮೂರೂ ಸತ್ತಿವೆ’ ಎಂದ. ಅವನ ಗ್ಯಾರೇಜ್ ಇರುವುದು ಕರಾವಳಿಯಲ್ಲಿ. ನನ್ನ ಅಂಗಳ ಇರುವುದು ಮಡಿಕೇರಿಯಲ್ಲಿ, ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಮೇಲೆ. ಇಲ್ಲಿನ ಗಾಳಿಯೇ ತೆಳು. ಎಂಜಿನ್ ಒತ್ತುವುದು ಇದ್ದ ಗಾಳಿಯನ್ನಷ್ಟೇ. ಇದನ್ನು ಹೇಳಿದರೆ ನಕ್ಕ. ಸರಿ, ತಂಗಿಯ ಮನೆಗೆ ಮಂಗಳೂರಿಗೆ ಹೋದಾಗ ಅದೇ ಗೇಜು, ಅದೇ ಬ್ಯಾಟರಿ ಒಯ್ದು ಅವಳ ಮನೆಯ ಮುಂದೆಯೇ ಪ್ಲಗ್ ಬಿಚ್ಚಿದೆ. ಒಂದು ಮತ್ತು ಮೂರರಲ್ಲಿ 158, 154 ಬಂತು. ಎಂಜಿನ್ ಅದೇ, ರಿಂಗೂ ಅದೇ. ತಂಗಿಯ ಗಂಡ ಮನೆಯ ಮುಂದೆ ಆಯಿಲ್ ಕಲೆ ಮಾಡಿದೆನೆಂದು ಇನ್ನೂ ಹೇಳುತ್ತಾರೆ, ಇರಲಿ. ಘಟ್ಟದ ಮೇಲೆ ಇರುವವರು ಪುಸ್ತಕದ ಅಂಕಿಯನ್ನು ಹಾಗೇ ನಂಬಿ ಎಂಜಿನ್ ಬಿಚ್ಚಿಸಬೇಡಿ. ಸಿಲಿಂಡರಿಗೂ ಸಿಲಿಂಡರಿಗೂ ಇರುವ ವ್ಯತ್ಯಾಸ ನೋಡಿ. ಎಂಜಿನ್ ಗಾಳಿ ಎಳೆಯುವ ಬಲ ತೋರಿಸುವ ವ್ಯಾಕ್ಯೂಮ್ ಗೇಜಿನದೂ ಇದೇ ಕಥೆ. ನನ್ನದರಲ್ಲಿ 15 ಇಂಚು (ಪಾದರಸದ ಅಳತೆ) ನಿಂತಾಗ ಹೆದರಿದ್ದೆ. ಪುಸ್ತಕದ ಅಂಕಿಯಿಂದ ಸಾವಿರ ಅಡಿ ಎತ್ತರಕ್ಕೆ ಒಂದು ಇಂಚಿನಂತೆ ಕಳೆಯಬೇಕು ಎಂಬ ಲೆಕ್ಕದಲ್ಲಿ ಅದು ನಮ್ಮೂರಿಗೆ ತಕ್ಕದ್ದೇ. ಮೂರು ಸಿಲಿಂಡರಿನ ಗಾಡಿಯಲ್ಲಿ ಮುಳ್ಳು ಹೇಗೂ ಕುಣಿಯುತ್ತದೆ. ಮೀನಿನ ತೊಟ್ಟಿಗೆ ಹಾಕುವ ಹತ್ತು ರೂಪಾಯಿಯ ಗಾಳಿ ವಾಲ್ವನ್ನು ಕೊಳವೆಯ ನಡುವೆ ಸೇರಿಸಿ ಸ್ವಲ್ಪ ಬಿಗಿ ಮಾಡಿದೆ. ಕುಣಿತ ನಿಂತಿತು, ಆದರೆ ಒಂದೇ ತಾಳದಲ್ಲಿ ಬರುವ ಒಂದು ಜಗ್ಗು ಮಾತ್ರ ಉಳಿಯಿತು. ಅದು ಎರಡನೆಯ ಸಿಲಿಂಡರಿನದು.

ಪ್ಲಗ್ ತೂತಿಗೆ ಆಯಿಲ್ ಬಿಟ್ಟು ಮತ್ತೆ ನೋಡುವ ಪರೀಕ್ಷೆಯಲ್ಲೂ ಒಮ್ಮೆ ಕೆಟ್ಟೆ. ಸವೆದದ್ದು ರಿಂಗಾದರೆ ಆಯಿಲ್ ಅದರ ಸಂದು ಮುಚ್ಚಿ ಒತ್ತಡ ಏರುತ್ತದೆ. ಮೊದಲ ಸಲ ಧಾರಾಳವಾಗಿ ಸುರಿದೆ, ಮುಳ್ಳು 170ಕ್ಕೆ ಹಾರಿತು, ರಿಂಗೇ ಎಂದು ನಾನೂ ಒಪ್ಪಿಬಿಟ್ಟಿದ್ದೆ. ಆಯಿಲೇ ಜಾಗ ತುಂಬಿಕೊಂಡರೆ ಒತ್ತಡ ಏರದೆ ಇರುತ್ತದೆಯೇ? ಎರಡು ದಿನ ಬಿಟ್ಟು ಸಿರಿಂಜಿನಲ್ಲಿ ಅಳೆದು ಒಂದು ಚಮಚದಷ್ಟು ಬಿಟ್ಟೆ. ಎರಡನೆಯದು 95ರಿಂದ 100ಕ್ಕೆ ಬಂದು ನಿಂತಿತು. ರಿಂಗಲ್ಲ.

ಇನ್ನು ಗಾಳಿ ತುಂಬಿ ಸೋರಿಕೆ ನೋಡುವ ಕೆಲಸ. ಹಳೆಯ ಪ್ಲಗ್ಗಿನ ಪಿಂಗಾಣಿ ಒಡೆದು ತೆಗೆದು, ಅದರ ಕಬ್ಬಿಣದ ಮೈಗೆ ನಳಿಗೆ ಬೆಸುಗೆ ಹಾಕಿಸಿದೆ, ಎರಡು ಗೇಜಿನ ನಡುವೆ ಸಣ್ಣ ತೂತಿನ ಒಂದು ಹಿತ್ತಾಳೆ ಬಿಲ್ಲೆ. ಆ ತೂತು ಎಷ್ಟು ದೊಡ್ಡದಿರಬೇಕು ಎಂಬುದನ್ನು ನಾಲ್ಕು ಬಿಲ್ಲೆ ಹಾಳು ಮಾಡಿ ಕಲಿತಿದ್ದೇನೆ. ಅದನ್ನು ಇಲ್ಲಿ ಬಿಟ್ಟುಕೊಡುವುದಿಲ್ಲ. ಗಾಡಿಗೆ ಬಣ್ಣ ಹೊಡೆಯುವವರಿಂದ ಕಂಪ್ರೆಸರ್ ದಿನಕ್ಕೆ 300ರಂತೆ ತಂದೆ. ಪಿಸ್ಟನ್ ಸರಿಯಾಗಿ ಮೇಲಕ್ಕೆ ಬಂದಿರದಿದ್ದರೆ ಗಾಳಿ ಅದನ್ನು ಕೆಳಗೆ ತಳ್ಳುತ್ತದೆ. ಕ್ರ್ಯಾಂಕಿನ ಮೇಲೆ ಬಿಟ್ಟಿದ್ದ ಸ್ಪ್ಯಾನರ್ ಗಿರ್ರನೆ ತಿರುಗಿ ನನ್ನ ಮಣಿಕಟ್ಟಿಗೆ ಬಡಿಯಿತು, ವಾರ ಊದಿಕೊಂಡಿತ್ತು. ಆಮೇಲೆ ನಾಲ್ಕನೇ ಗೇರಿಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಗಾಲಿಗೆ ಕಲ್ಲು ಕೊಟ್ಟೆ. 60 ಪಿಎಸ್‌ಐ ಗಾಳಿ ಕೊಟ್ಟರೆ ಒಂದು, ಮೂರರಲ್ಲಿ 52ರ ಹತ್ತಿರ ನಿಂತಿತು, ಎರಡರಲ್ಲಿ 35. ಗಾಳಿ ಎಲ್ಲಿ ಸೋರುತ್ತದೋ ದೋಷ ಅಲ್ಲಿ. ಆಯಿಲ್ ಮುಚ್ಚಳ ತೆಗೆದು ಕಿವಿ ಇಟ್ಟೆ, ಸದ್ದಿಲ್ಲ, ಎಂದರೆ ರಿಂಗಲ್ಲ. ಕಾರ್ಬುರೇಟರಿನಲ್ಲಿ ಸದ್ದಿಲ್ಲ. ರೇಡಿಯೇಟರಿನಲ್ಲಿ ಗುಳ್ಳೆ ಇಲ್ಲ. ಸೈಲೆನ್ಸರ್ ಬಾಯಲ್ಲಿ ಮಾತ್ರ ಹಾವು ಬುಸುಗುಟ್ಟಿದ ಹಾಗೆ.

ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವ್. ವಾಲ್ವನ್ನು ಒತ್ತಿ ತೆರೆಯುವ ಟ್ಯಾಪೆಟ್ಟಿನ ಮುಚ್ಚಳ ತೆಗೆದರೆ, ಅಲ್ಲಿ ಇರಬೇಕಾದ ಸಣ್ಣ ಸಂದಿನಲ್ಲಿ ಅದನ್ನು ಅಳೆಯುವ ಫೀಲರ್ ಗೇಜಿನ ಅತಿ ತೆಳು ಎಲೆಯೂ ಒಳಗೆ ಹೋಗಲಿಲ್ಲ. ಮೈಸೂರಿನಲ್ಲಿದ್ದ ಏಳೆಂಟು ವರ್ಷ ಈ ಗಾಡಿ ಎಲ್‌ಪಿಜಿಯಲ್ಲಿ ಓಡಿತ್ತು. ಗ್ಯಾಸಿನಲ್ಲಿ ವಾಲ್ವ್ ಕೂರುವ ಸೀಟು ಸವೆದು, ವಾಲ್ವ್ ಮೇಲಕ್ಕೆ ಸರಿದು, ಟ್ಯಾಪೆಟ್ಟಿನ ಸಂದು ಮುಚ್ಚಿಹೋಗಿದೆ. ಸಂದು ಕೊಟ್ಟ ಕೂಡಲೇ 95 ಇದ್ದದ್ದು 118 ಆಯಿತು. ಆ ಸಂಜೆ ನಾನು ಮನೆಯಲ್ಲಿ ಕಂಡವರಿಗೆಲ್ಲ ಹೇಳಿದೆ, ಯಾರಿಗೂ ಅರ್ಥವಾಗಲಿಲ್ಲ.

ನಡುವೆ ಕಾಗದದ ಮೇಲೆ ಆಯಿಲ್ ಹನಿ ಬಿಟ್ಟು ಕಲೆ ನೋಡುವ ಪ್ರಯೋಗವನ್ನೂ ಮಾಡಿದೆ. ದಿನಪತ್ರಿಕೆ ಕೆಲಸಕ್ಕೆ ಬಾರದು, ಹನಿ ಎಲ್ಲೆಂದರಲ್ಲಿ ಹರಡುತ್ತದೆ. ಮೆರುಗಿಲ್ಲದ ಮದುವೆ ಕಾಗದ ಚೆನ್ನ. ಹತ್ತು ಕಾಗದದ ಮೇಲೆ ಹತ್ತು ಚೆಂದದ ವೃತ್ತಗಳು ಬಂದವು. ಅದರಿಂದ ನನಗೆ ತಿಳಿದದ್ದು ಏನೂ ಇಲ್ಲ.

ಹೊಗೆ ಉಳಿದಿತ್ತು, ಬುಸುಗುಟ್ಟುವುದೂ ಪೂರ್ತಿ ನಿಂತಿರಲಿಲ್ಲ. ಕೊನೆಗೆ ಹೆಡ್ ಇಳಿಸಿದೆ. ಅದನ್ನು ಒಬ್ಬನೇ ಮಾಡಲಿಲ್ಲ, ಪರಿಚಯದ ಹುಡುಗನೊಬ್ಬ ಎರಡು ದಿನ ಬಂದ. ವಾಲ್ವಿನ ಪಕ್ಕದಿಂದ ಆಯಿಲ್ ಇಳಿಯದಂತೆ ತಡೆಯುವ ರಬ್ಬರ್ ಸೀಲುಗಳು ಬೆರಳಲ್ಲಿ ಒತ್ತಿದರೆ ಬಿಸ್ಕತ್ತಿನಂತೆ ಮುರಿದವು. ಇಳಿಜಾರಿನಲ್ಲಿ ಕಾಲು ತೆಗೆದಾಗ ಎಂಜಿನ್ ಎಳೆಯುವ ವ್ಯಾಕ್ಯೂಮಿಗೆ ಇವುಗಳ ಮೂಲಕವೇ ಆಯಿಲ್ ಇಳಿಯುತ್ತಿದ್ದದ್ದು. ಸಿಲಿಂಡರಿನ ಒಳಗೋಡೆಯಲ್ಲಿ ಕಂಪನಿಯವರು ಉಜ್ಜಿದ ಓರೆ ಗೆರೆಗಳು ಇನ್ನೂ ಎದ್ದು ಕಾಣುತ್ತಿದ್ದವು, ಎಂದರೆ ಗೋಡೆ ಸವೆದಿರಲಿಲ್ಲ. ಆ ಫೋಟೋವನ್ನು ಮೆಕ್ಯಾನಿಕ್‌ಗೂ ಭಾವಮೈದನಿಗೂ ಕಳಿಸಿದೆ. ಇಬ್ಬರೂ ನೋಡಿದ್ದಾರೆ, ಉತ್ತರ ಬರೆದಿಲ್ಲ.

ಗ್ಯಾಸ್ಕೆಟ್ ಕಿಟ್, ಸೀಲು, ಒಂದು ಹೊಸ ವಾಲ್ವ್, ಸೀಟು ಕಟಿಂಗ್, ಹುಡುಗನ ಕೂಲಿ ಸೇರಿ ಏಳೂವರೆ ಸಾವಿರದ ಒಳಗೆ ಮುಗಿಯಿತು. ನೆನಪಿನಿಂದ ಹೇಳುತ್ತಿದ್ದೇನೆ, ಚೀಟಿಗಳೆಲ್ಲ ಉಳಿದಿಲ್ಲ. ಎರಡನೆಯ ಸಿಲಿಂಡರ್ ಈಗ 132. ಕಳೆದ ಮೂರು ಸಾವಿರ ಕಿಲೋಮೀಟರಿನಲ್ಲಿ ಅರ್ಧ ಲೀಟರ್ ಆಯಿಲ್ ಸೇರಿಸಿರಬಹುದು, ಅದರಲ್ಲೂ ಸ್ವಲ್ಪ ಡಿಸ್ಟ್ರಿಬ್ಯೂಟರ್ ಬುಡದಿಂದ ಸೋರಿದ್ದು. ಅಲ್ಲಿನ ರಬ್ಬರ್ ರಿಂಗ್ ತಂದಿಟ್ಟಿದ್ದೇನೆ, ಮಳೆ ನಿಂತ ಮೇಲೆ ಹಾಕಬೇಕು.