ಬೀರುವಿನ ಕನ್ನಡಿ, ಡ್ರಿಪ್ ಸೆಟ್ಟು, ನಮ್ಮ ಪಚ್ಚುವಿನ ಬಣ್ಣ

ನಮ್ಮ ಪಚ್ಚು ಈಗ ಬೆಳಿಗ್ಗೆ ಹತ್ತು ಗಂಟೆಗೆ ಎಳೆ ಬಾಳೆಎಲೆಯ ಬಣ್ಣದಲ್ಲಿರುತ್ತಾನೆ. ಪಕ್ಕೆಯ ಮೇಲೆ ಅರಿಶಿನದ ಪಟ್ಟೆ ಎದ್ದು ಕಾಣುತ್ತೆ. ಕಳೆದ ಆಗಸ್ಟಿನಲ್ಲಿ ಇದೇ ಊಸರವಳ್ಳಿ ಕೆಸರು ಮೆತ್ತಿಕೊಂಡ ಹಾಗಿದ್ದ. ಮುಂಬೈಯ ಘಾಟ್‌ಕೋಪರಿನಲ್ಲಿ ನನ್ನ ಗೆಳೆಯರೊಬ್ಬರಿದ್ದಾರೆ, ಸರೀಸೃಪ ಸಾಕುವುದರಲ್ಲಿ ನನಗಿಂತ ಹತ್ತು ವರ್ಷ ಹಳಬರು. "ಬಣ್ಣ ಹೋಯ್ತು ಅಂದ್ರೆ ಮುಗೀತು ಮೇಡಂ, ಇನ್ನೊಂದು ತಿಂಗಳು ಅಷ್ಟೇ" ಅಂದುಬಿಟ್ಟರು. ಪೇಂಟ್ ಅಂಗಡಿಯ ಶೇಡ್ ಕಾರ್ಡ್ ಇಟ್ಟುಕೊಂಡು ದಿನಕ್ಕೆ ನಾಲ್ಕು ಫೋಟೊ ತೆಗೆದು ಕಾರಣ ಹುಡುಕ್ತೀನಿ ಅಂದಾಗ ನಕ್ಕರು. ಹಾಗೇ ಹುಡುಕಿದೆ, ಸಿಕ್ಕಿತು. ಅದಕ್ಕೇ ಬರೀತಿದ್ದೀನಿ.

ಪಚ್ಚು ವೇಲ್ಡ್ (veiled) ಅನ್ನುವ ಜಾತಿಯವನು, ಮೂಲ ಯೆಮನ್, ಸೌದಿ ಕಡೆ. ಜನವರಿಯಲ್ಲಿ ಹೆಚ್ಚುಕಮ್ಮಿ 28 ಸಾವಿರ ಕೊಟ್ಟು ಕಾಗದಪತ್ರದ ಸಮೇತ ತಂದೆ, ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಿದೆ. ನಮ್ಮ ಕಾಡಿನ ಊಸರವಳ್ಳಿಯನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಯಾರಾದರೂ "ಊರಿಂದ ಒಂದು ತಂದುಕೊಡ್ತೀನಿ" ಅಂದರೆ ಬೇಡವೇ ಬೇಡ ಅನ್ನಿ.

ಜುಲೈವರೆಗೆ ಚೆನ್ನಾಗಿದ್ದ. ಮಳೆ ಜೋರಾದ ಮೇಲೆ ಬಣ್ಣ ಮಂಕಾಯಿತು, 96 ಗ್ರಾಂ ಇದ್ದವನು 88ಕ್ಕೆ ಇಳಿದ. ನಾನು ಮೊದಲು ಮಾಡಿದ್ದು ದೊಡ್ಡ ತಪ್ಪು. ಕಪ್ಪಗಾಗಿದ್ದಾನೆ ಅಂದರೆ ಚಳಿ ಅಂದುಕೊಂಡು 60 ವಾಟ್ ಬಲ್ಬ್ ತೆಗೆದು 100 ವಾಟ್ ಹಾಕಿದೆ. ಕೊಂಬೆಯ ಮೇಲೆ 38 ಡಿಗ್ರಿ ಮುಟ್ಟಿತು. ಮಧ್ಯಾಹ್ನ ನೋಡಿದರೆ ಬಿಳಿಚಿಕೊಂಡು ಬಾಯಿ ತೆರೆದು ಕೂತಿದ್ದಾನೆ. ಕಪ್ಪಿಗಿಂತ ಆ ಬಿಳಿಚು ನನ್ನ ಕೈಕಾಲು ನಡುಗಿಸಿತು. ಬಲ್ಬ್ ಆರಿಸಿ, ಫ್ಯಾನ್ ಹಾಕಿ, ಸಂಜೆವರೆಗೆ ಅಲ್ಲಿಂದ ಏಳಲಿಲ್ಲ. ಡಾಕ್ಟರ ಹತ್ತಿರ ಮೂರು ಸಲ ಓಡಾಡಿ ವಿಟಮಿನ್ ಇಂಜೆಕ್ಷನ್ ಕೊಡಿಸಿದೆ, 2,800 ರೂಪಾಯಿ ಖರ್ಚಾಯಿತು, ಬಣ್ಣ ಇದ್ದ ಹಾಗೇ ಇತ್ತು. ಅವರು ನಾಯಿ ಬೆಕ್ಕು ನೋಡುವವರು. ಸರೀಸೃಪ ಬಲ್ಲವರನ್ನು ಮೊದಲೇ ಹುಡುಕಿಟ್ಟುಕೊಳ್ಳದೆ ಇದ್ದದ್ದು ನನ್ನ ತಪ್ಪು.

ಇನ್ನು ಶೇಡ್ ಕಾರ್ಡ್ ವಿಷಯ. ಫೋನಿನ ಕ್ಯಾಮೆರಾ ಒಂದೊಂದು ಬೆಳಕಲ್ಲಿ ಒಂದೊಂದು ಬಣ್ಣ ತೋರಿಸುತ್ತೆ. ನಿನ್ನೆಯ ಹಸಿರು, ಇವತ್ತಿನ ಹಸಿರು ಹೋಲಿಸೋಕೆ ಆಗಲ್ಲ. ಪೇಂಟ್ ಅಂಗಡಿಯಲ್ಲಿ ಪುಕ್ಕಟೆ ಸಿಗುವ ಶೇಡ್ ಕಾರ್ಡಿಂದ ಆರು ಚೂರು ಕತ್ತರಿಸಿ, ಬಟ್ಟೆ ಕ್ಲಿಪ್ಪಿನಿಂದ ಕೊಂಬೆಗೆ ಸಿಕ್ಕಿಸಿದೆ. ಪ್ರತಿ ಫೋಟೊದಲ್ಲೂ ಪಚ್ಚು ಜೊತೆ ಆ ಚೂರುಗಳೂ ಬರಬೇಕು. ಬೆಳಿಗ್ಗೆ 7, 10, ಮಧ್ಯಾಹ್ನ 1, ಸಂಜೆ 5. ನಾನು ಆಫೀಸಿನಲ್ಲಿದ್ದಾಗ ಅತ್ತೆ ತೆಗೆದು ಕಳಿಸುತ್ತಿದ್ದರು. ಯಾವ ಆರು ಶೇಡ್ ಅನ್ನುವುದನ್ನು ಮಾತ್ರ ಹೇಳಲ್ಲ, ಅದಕ್ಕಾಗಿ ನಾನು ಪಟ್ಟ ಪಾಡು ಸಣ್ಣದಲ್ಲ.

19 ದಿನದ ಪುಟ ತುಂಬುವಷ್ಟರಲ್ಲಿ ಗೊತ್ತಾಯಿತು, ನಾನು ಒಂದೇ ಕಪ್ಪು ಅಂದುಕೊಂಡದ್ದರಲ್ಲಿ ಮೂರು ಬೇರೆ ಬೇರೆ ಸಂಗತಿ ಸೇರಿಕೊಂಡಿದ್ದವು. ಬೆಳಿಗ್ಗೆ 7ರ ಫೋಟೊದಲ್ಲಿ ಬಲ್ಬಿನ ಕಡೆಯ ಮೈ ಮಾತ್ರ ಕಾಫಿಪುಡಿ ಬಣ್ಣ, ಆ ಕಡೆ ಹಸಿರು. ಅದು ಕಾಯಿಲೆ ಅಲ್ಲ, ಶಾಖ ಹೀರಿಕೊಳ್ಳೋಕೆ ಮೈ ಕಪ್ಪು ಮಾಡಿಕೊಳ್ಳುತ್ತಾನೆ. ಇಪ್ಪತ್ತು ನಿಮಿಷ ಬಿಟ್ಟರೆ ತಾನಾಗಿ ತಿಳಿಯಾಗುತ್ತೆ. ಇದನ್ನು ನೋಡಿಯೇ ನಾನು 100 ವಾಟ್ ಹಾಕಿದ್ದು!

ಮಧ್ಯಾಹ್ನ 1ರದ್ದು ಬೇರೆ. ಮೈ ಅದುಮಿದ ಹಾಗೆ ಚಪ್ಪಟೆ, ಅಡ್ಡಡ್ಡ ಕಪ್ಪು ಪಟ್ಟೆ, ಗಂಟಲು ಉಬ್ಬಿದೆ. ಸಿಟ್ಟಿನ ಬಣ್ಣ. ಯಾರ ಮೇಲೆ? ಪಾರಿವಾಳ ಅಂದುಕೊಂಡು ಬಾಲ್ಕನಿಗೆ ಬಲೆ ಕಟ್ಟಿಸಿದೆ, 1,500 ರೂಪಾಯಿ ದಂಡ. ಪುಟ ತಿರುವಿದಾಗ ಒಂದು ಕಣ್ಣಿಗೆ ಬಿತ್ತು, ಭಾನುವಾರ ಕಪ್ಪಿಲ್ಲ. ಭಾನುವಾರ ಕೆಲಸದ ಮೌಶಿ ಬರಲ್ಲ. ಮೌಶಿ ಬಂದರೆ ಪಚ್ಚುಗೇನು? ಒಂದು ದಿನ ರಜೆ ಹಾಕಿ ಕಾದು ಕೂತೆ. ಹನ್ನೆರಡೂವರೆಗೆ ಇಸ್ತ್ರಿ ಬಟ್ಟೆ ಇಡೋಕೆ ಬೀರುವಿನ ಬಾಗಿಲು ತೆಗೆದರು, ಹಾಗೇ ಬಿಟ್ಟು ಅಡುಗೆಮನೆಗೆ ಹೋದರು. ಬಾಗಿಲ ಮೇಲಿನ ಕನ್ನಡಿ ನೇರವಾಗಿ ಪಂಜರಕ್ಕೆ ತಿರುಗಿತು. ಪಚ್ಚು ಅದರಲ್ಲಿ ಇನ್ನೊಬ್ಬ ಗಂಡನ್ನು ಕಂಡ, ಎರಡೇ ನಿಮಿಷಕ್ಕೆ ಪಟ್ಟೆ ಬಂತು. ಆಮೇಲೆ ಊಟವನ್ನೂ ಮುಟ್ಟಲಿಲ್ಲ. ದಿನಾ ಒಂದು ಗಂಟೆ ಶತ್ರುವಿನ ಎದುರು ಕೂರಿಸಿದ್ದೆವು ಪಾಪದ ಪ್ರಾಣಿಯನ್ನು. ಮೊದಲು ತಂದಿದ್ದ 7 ಸಾವಿರದ ಗಾಜಿನ ಟ್ಯಾಂಕಿನಲ್ಲೂ ಇದೇ ಆಗಿರಬೇಕು. ಈಗಿನದು ಅಲ್ಯುಮಿನಿಯಂ ಸೆಕ್ಷನ್ ಕೆಲಸದವರಿಂದ 3,200ಕ್ಕೆ ಮಾಡಿಸಿದ ಜಾಲರಿ ಪಂಜರ.

ಮೂರನೆಯದು ಇಡೀ ದಿನದ ಮಂಕು. ಇದರಲ್ಲಿ ಎರಡು ತಪ್ಪು. ಯುವಿ (ಅತಿನೇರಳೆ ಕಿರಣ) ಕೊಡುತ್ತೆ ಅಂತ 450 ರೂಪಾಯಿಗೆ ಕೊಂಡಿದ್ದ ಬಲ್ಬ್, ಎರವಲು ತಂದ ಮೀಟರ್ ಹಿಡಿದರೆ ಸೊನ್ನೆ. ಜೂನ್‌ವರೆಗೆ ಬಾಲ್ಕನಿ ಬಿಸಿಲು ಆ ಕೊರತೆ ಮುಚ್ಚಿತ್ತು. ಮಳೆಗೆ ಕಿಟಕಿ ಮುಚ್ಚಿದ ಮೇಲೆ ಅದೂ ಹೋಯಿತು, ಗಾಜು ಇವುಗಳಿಗೆ ಬೇಕಾದ ಯುವಿಬಿ ಕಿರಣವನ್ನು ಒಳಗೆ ಬಿಡಲ್ಲ. ಯುವಿಬಿ ಕೊಡುವ ಟಿ5 ಟ್ಯೂಬ್, ಫಿಟ್ಟಿಂಗ್ ಸೇರಿ 4 ಸಾವಿರದ ಆಸುಪಾಸು ಆಯಿತು. ಕೊಂಬೆಯ ಹತ್ತಿರ ಯುವಿ ಸೂಚ್ಯಂಕ 3ರ ಸುತ್ತ ಬರುವ ಹಾಗೆ ಎತ್ತರ ಹೊಂದಿಸಿದೆ. ಜಾಲರಿಯೂ ಒಂದಷ್ಟು ತಡೆಯುತ್ತೆ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಎರಡನೇ ತಪ್ಪು ಮುಂಬೈ ಕಡೆಯವರೆಲ್ಲ ಮಾಡುವಂಥದ್ದು. ಗಾಳಿಯಲ್ಲೇ ಇಷ್ಟು ತೇವ ಇದೆಯಲ್ಲ ಅಂತ ನೀರು ಸಿಂಪಡಿಸುವುದನ್ನೇ ನಿಲ್ಲಿಸಿದ್ದೆ. ಗಾಳಿಯ ತೇವ ಬಾಯಾರಿಕೆ ತೀರಿಸುತ್ತಾ? ಬಟ್ಟಲಲ್ಲಿ ಇಟ್ಟ ನೀರನ್ನು ಇವು ಗುರುತಿಸುವುದೇ ಕಷ್ಟ, ಎಲೆಯ ಮೇಲಿನ ಹನಿ ಬೇಕು. ಹಿಕ್ಕೆಯ ಬಿಳಿ ಭಾಗ ಕಿತ್ತಳೆ ಬಣ್ಣಕ್ಕೆ ತಿರುಗಿದ್ದನ್ನು, ಅಂದರೆ ನೀರು ಸಾಲದ ಗುರುತನ್ನು, ನೋಡಿಯೂ ನೋಡದ ಹಾಗಿದ್ದೆ. ಮೆಡಿಕಲ್ ಅಂಗಡಿಯಿಂದ 20 ರೂಪಾಯಿಗೆ ಸಲೈನ್ ಡ್ರಿಪ್ ಸೆಟ್ ತಂದು, ಲೀಟರ್ ಬಾಟಲಿಗೆ ಜೋಡಿಸಿ ದಾಸವಾಳದ ಗಿಡದ ಮೇಲೆ ತೂಗುಹಾಕಿದೆ. ಮೊದಲ ದಿನ ತಿರುಗಿಯೂ ನೋಡಲಿಲ್ಲ. ಎರಡನೇ ದಿನ ಎಲೆಯ ತುದಿಯಲ್ಲಿ ಹನಿ ತೂಗಾಡುತ್ತಿತ್ತು. ಒಂದು ಕಣ್ಣು ಅತ್ತ ಹೊರಳಿತು, ಇನ್ನೊಂದು ಇನ್ನೂ ನನ್ನ ಮೇಲೇ. ಕುತ್ತಿಗೆ ಚಾಚಿ, ಬಾಯಿ ತುಸುವೇ ತೆರೆದು ಹನಿಯ ಕೆಳಗೆ ಹಿಡಿದ. ಗಂಟಲು ಸಣ್ಣಗೆ ಏರಿಳಿಯಿತು. ಗಡಿಯಾರ ನೋಡಿದೆ, ಹನ್ನೊಂದು ನಿಮಿಷ ಬಿಡದೆ ಕುಡಿದ. ನನಗೆ ಕಣ್ಣು ತುಂಬಿತು. ಆರು ದಿನಕ್ಕೆ ಹಿಕ್ಕೆ ಬಿಳಿಗೆ ಬಂತು.

ನಡುವೆ ರೇಷ್ಮೆಹುಳದ ಪ್ರಯೋಗವೂ ಆಯಿತು. ನಮ್ಮ ಸೋದರಮಾವ ಶಿಡ್ಲಘಟ್ಟದಲ್ಲಿ ಹುಳ ಮೇಯಿಸುತ್ತಾರೆ. "ದೊಡ್ಡ ಹುಳ ಬೇಡಮ್ಮ, ಎರಡನೇ ಜ್ವರ ಎದ್ದಿದ್ದು ತಗೊಂಡ್ಹೋಗು, ಅದರ ಬಾಯಿಗೆ ಸರಿಯಾಗುತ್ತೆ" ಅಂತ, ಅಂದರೆ ಎರಡನೇ ಸಲ ಪೊರೆ ಬಿಟ್ಟ, ಇನ್ನೂರು ಹುಳ, ಒದ್ದೆ ಬಟ್ಟೆಯಲ್ಲಿ ಸೊಪ್ಪು ಕೊಟ್ಟರು. ಚಪ್ಪಲಿ ಡಬ್ಬದಲ್ಲಿಟ್ಟು ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಕಲ್ಯಾಣಕ್ಕೆ ಬಂದಿಳಿದು ಡೊಂಬಿವಲಿಗೆ ತಂದೆ. ನಾಲ್ಕು ದಿನಕ್ಕೆ ಸೊಪ್ಪು ಖಾಲಿ. ಠಾಕುರ್ಲಿ ಹತ್ತಿರದ ಒಂದು ಕಾಂಪೌಂಡಿನಲ್ಲಿ ಹಿಪ್ಪುನೇರಳೆ ಮರ ಸಿಕ್ಕಿತು, ವಾಚ್‌ಮನ್ "ತುತೀಚಾ ಪಾಲಾ?" (ಹಿಪ್ಪುನೇರಳೆ ಸೊಪ್ಪಾ?) ಅಂತ ಅಚ್ಚರಿಪಟ್ಟು ತಾವೇ ಕೊಯ್ದುಕೊಟ್ಟರು. ಹಿಂದಿನ ಸಂಜೆ ಅಲ್ಲಿ ಸೊಳ್ಳೆಗೆ ಹೊಗೆ ಬಿಟ್ಟಿದ್ದರಂತೆ. ಮರುದಿನಕ್ಕೆ ನೂರರ ಮೇಲೆ ಹುಳ ಸತ್ತವು. ಸತ್ತವನ್ನೂ ಬದುಕಿದ್ದವನ್ನೂ ಎಸೆದೆ, ಒಂದನ್ನೂ ಪಚ್ಚುಗೆ ಹಾಕಲಿಲ್ಲ. ಅದಕ್ಕೂ ಮುಂಚೆ ತಿಂದ ಮೂವತ್ತು ನಲವತ್ತು ಹುಳ ಮಾತ್ರ ಚೆನ್ನಾಗಿ ಮೈಗೆ ಹತ್ತಿದವು. ಈಗ ಬಾಲ್ಕನಿಯಲ್ಲಿ ಹಿಪ್ಪುನೇರಳೆ ಕಡ್ಡಿ ನೆಟ್ಟಿದ್ದೀನಿ. ಮಿಕ್ಕಂತೆ ಮಿಡತೆ, ಮೇವಿಗೆಂದೇ ಸಾಕುವ ಡುಬಿಯಾ ಜಿರಳೆ. ಅದಕ್ಕೆ ಕ್ಯಾಲ್ಸಿಯಂ ಪುಡಿ ಯಾವ ಅಳತೆಯಲ್ಲಿ ಅನ್ನುವುದು ನನ್ನಲ್ಲೇ ಇರಲಿ.

ಪಕ್ಕದ ಮನೆ ಹುಡುಗ ಹಟ ಮಾಡಿದ ಅಂತ ಒಂದು ಭಾನುವಾರ ಪಂಜರದ ಹಿಂದೆ ಕೆಂಪು ಸೀರೆ ಕಟ್ಟಿದೆ. ಎರಡು ಗಂಟೆಯಲ್ಲಿ ಒಂದು ಶೇಡೂ ಬದಲಾಗಲಿಲ್ಲ. ಹಿನ್ನೆಲೆ ನೋಡಿ ಬಣ್ಣ ಹಾಕಿಕೊಳ್ಳುವುದಲ್ಲ ಅದು. ಚರ್ಮದೊಳಗೆ ಸೂಕ್ಷ್ಮ ಹರಳುಗಳಿವೆ, ಅವುಗಳ ನಡುವಿನ ಅಂತರ ಹೆಚ್ಚುಕಮ್ಮಿಯಾದಂತೆ ಬಣ್ಣ ಬದಲಾಗುತ್ತೆ ಅಂತ 2015ರಲ್ಲಿ ಜಿನೀವಾ ವಿಶ್ವವಿದ್ಯಾಲಯದವರು ಪ್ಯಾಂಥರ್ ಅನ್ನುವ ಜಾತಿಯ ಊಸರವಳ್ಳಿಯಲ್ಲಿ ತೋರಿಸಿಕೊಟ್ಟರು.

ಸೆಪ್ಟೆಂಬರ್ ಕೊನೆಗೆ ಹಸಿರು ಮರಳಿತು, ದೀಪಾವಳಿಗೆ 131 ಗ್ರಾಂ ತೂಗಿದ. ಘಾಟ್‌ಕೋಪರಿನ ಗೆಳೆಯರು ಬಂದು ಅರ್ಧ ಗಂಟೆ ನಿಂತು ನೋಡಿ, ಶೇಡ್ ನಂಬರ್ ಕೇಳಿದರು. ಅವರ ಹೆಣ್ಣು ಊಸರವಳ್ಳಿಯೂ ಕಪ್ಪಾಗಿದೆಯಂತೆ. ಹಗಲಲ್ಲಿ ಕಣ್ಣು ಮುಚ್ಚಿಕೊಂಡು ಕೂರುತ್ತಾಳಾ, ಕಣ್ಣು ಗುಳಿ ಬಿದ್ದಿದೆಯಾ ಅಂತ ಕೇಳಿದೆ. ಹೌದಂದರು. ಹಾಗಾದರೆ ಕಾರ್ಡು, ಫೋಟೊ ಅಂತ ಕೂರಬೇಡಿ, ಇವತ್ತೇ ಡಾಕ್ಟರ ಹತ್ತಿರ ಹೋಗಿ, ಹೊಟ್ಟೆಯಲ್ಲಿ ಮೊಟ್ಟೆ ಇದೆಯಾ ಅಂತಲೂ ನೋಡಿಸಿ ಅಂದೆ.

ಇವತ್ತು ಬೆಳಿಗ್ಗೆ 7ರ ಫೋಟೊದಲ್ಲಿ ಪಚ್ಚು ಬೂದಿ ಸವರಿದ ಹಾಗೆ ಮಂಕಾಗಿದ್ದಾನೆ. ತಲೆಯ ಶಿಖೆಯ ಅಂಚಿನಲ್ಲಿ ಪೊರೆ ಬಿಳಿಯಾಗಿ ಎದ್ದಿದೆ. ನೀರಿನ ಹನಿ ಸ್ವಲ್ಪ ಜೋರು ಮಾಡಿದ್ದೀನಿ. ಮೌಶಿ ಬರುವ ಮುಂಚೆ ಬೀರುವಿಗೆ ಬೀಗ ಹಾಕಿ, ಬೀಗದಕೈ ಅತ್ತೆಯ ಕೈಗೆ ಕೊಟ್ಟು ಬಂದಿದ್ದೀನಿ.