ಚುನ್ಯೊ: ಆಂಡಿಸ್ ಬೆಟ್ಟದ ಊರುಗಳಲ್ಲಿ ಆಲೂಗಡ್ಡೆಯನ್ನು ಚಳಿಗೆ ಒಣಗಿಸುವ ಬಗೆ

ಟಿಟಿಕಾಕಾ ಸರೋವರದ ಸುತ್ತಲಿನ ಬಯಲು ಸಮುದ್ರಮಟ್ಟದಿಂದ ಸುಮಾರು 3,800 ಮೀಟರ್ ಎತ್ತರದಲ್ಲಿದೆ. ಅಲ್ಲಿ, ಪೆರುವಿನ ಇಲಾವೆಯಂಥ ಪುಟ್ಟ ಪಟ್ಟಣಗಳ ಆಸುಪಾಸಿನಲ್ಲಿ, ಐಮಾರಾ ಜನಾಂಗದ ರೈತರು ಮೇ ತಿಂಗಳ ಹೊತ್ತಿಗೆ ಆಲೂಗಡ್ಡೆ ಕಿತ್ತು ಮುಗಿಸುತ್ತಾರೆ. ಆಮೇಲೆ ಎಲ್ಲರ ಕಣ್ಣೂ ಆಕಾಶದ ಮೇಲೆ. ಜೂನ್, ಜುಲೈ ಅಲ್ಲಿ ಚಳಿಗಾಲ. ಹಗಲು ಚುರುಗುಟ್ಟುವ ಬಿಸಿಲು, ರಾತ್ರಿ ಎಲ್ಲವೂ ಹೆಪ್ಪುಗಟ್ಟುವ ಚಳಿ. ನಮ್ಮಲ್ಲಿ ಬೇಸಿಗೆಯ ಬಿಸಿಲು ನೋಡಿ ಸಂಡಿಗೆಗೆ ಕೂರುವಂತೆ, ಅಲ್ಲಿ ಚಳಿ ನೋಡಿ ಚುನ್ಯೊಗೆ ಇಳಿಯುತ್ತಾರೆ.

ಮೊದಲು ಗಡ್ಡೆ ಆರಿಸಬೇಕು. ಹಿಮ ಬೀಳುವ ಎತ್ತರದ ಹೊಲಗಳಲ್ಲಿ ಲುಕಿ ಎಂಬ ಕಹಿ ಆಲೂಗಡ್ಡೆ ಬೆಳೆಯುತ್ತಾರೆ. ಬೇರೆ ತಳಿಗಳು ಸುಟ್ಟುಹೋಗುವ ಚಳಿಯಲ್ಲೂ ಅದು ನಿಲ್ಲುತ್ತದೆ. ಆದರೆ ಅದರಲ್ಲಿ ಗ್ಲೈಕೊಆಲ್ಕಲಾಯ್ಡ್ ಎಂಬ ಕಹಿ ವಿಷಾಂಶ ಹೆಚ್ಚು, ಹಾಗೇ ಬೇಯಿಸಿ ತಿನ್ನುವಂತಿಲ್ಲ. ಅದನ್ನು ಉಣ್ಣಲು ಯೋಗ್ಯ ಮಾಡುವ ದಾರಿಯೇ ಚುನ್ಯೊ. ಕಹಿಯಿಲ್ಲದ ತಳಿಯ ಸಣ್ಣ ಗಡ್ಡೆಗಳನ್ನೂ ಹೀಗೇ ಒಣಗಿಸುತ್ತಾರೆ. ಯಾವುದೇ ಇರಲಿ, ಒಂದೇ ಗಾತ್ರದವನ್ನು ಒಟ್ಟಿಗೆ ಹಾಕಬೇಕು. ದೊಡ್ಡದೂ ಸಣ್ಣದೂ ಬೆರೆತರೆ ಸಣ್ಣದು ಹೆಪ್ಪುಗಟ್ಟಿದ ಹೊತ್ತಿಗೆ ದೊಡ್ಡದರ ನಡುಭಾಗ ಹಸಿಯಾಗೇ ಉಳಿದು, ಮುಂದೆ ಅಲ್ಲಿಂದಲೇ ಕೊಳೆಯತೊಡಗುತ್ತದೆ.

ಜಾಗ ಸಮತಟ್ಟಾಗಿರಬೇಕು. ಬೆಟ್ಟದ ತಣ್ಣನೆ ಗಾಳಿ ಇಳಿದು ಬಂದು ನಿಲ್ಲುವ ತಗ್ಗಾದರೆ ಇನ್ನೂ ಒಳ್ಳೆಯದು. ನೆಲದ ಮೇಲೆ ಇಚು ಎಂಬ ಒಣಹುಲ್ಲು ಹಾಸಿ, ಸಂಜೆ ಬಿಸಿಲು ಇಳಿದ ಮೇಲೆ ಗಡ್ಡೆಗಳನ್ನು ಒಂದೇ ಪದರವಾಗಿ ಹರಡುತ್ತಾರೆ. ಒಂದರ ಮೇಲೊಂದು ಬೀಳಬಾರದು. ಆ ರಾತ್ರಿ ಉಷ್ಣಾಂಶ ಸೊನ್ನೆಗಿಂತ 5 ಡಿಗ್ರಿಯಾದರೂ ಕೆಳಗಿಳಿಯಬೇಕು, ಆಕಾಶ ಶುಭ್ರವಾಗಿರಬೇಕು. ಮೋಡ ಕವಿದರೆ ಅದು ಕಂಬಳಿಯಂತೆ ನೆಲದ ಶಾಖವನ್ನು ಹಿಡಿದಿಟ್ಟುಕೊಳ್ಳುತ್ತದೆ, ಗಡ್ಡೆ ಅರೆಬರೆ ಗಟ್ಟಿಯಾಗುತ್ತದೆ. ಮೋಡದ ಸುಳಿವಿದ್ದರೆ ಹರಡದೇ ಕಾಯುವುದೇ ಜಾಣತನ. ಬೆಳಗಿನ ಜಾವ ಎರಡು ಗಡ್ಡೆಗಳನ್ನು ಒಂದಕ್ಕೊಂದು ತಾಗಿಸಿ ನೋಡಿ: ಕಲ್ಲಿನ ಸದ್ದು ಬಂದರೆ ಸರಿಯಾಗಿ ಹೆಪ್ಪುಗಟ್ಟಿದೆ.

ಹಗಲು ಬಿಸಿಲಿಗೆ ಕರಗಲಿ, ರಾತ್ರಿ ಮತ್ತೆ ಹೆಪ್ಪುಗಟ್ಟಲಿ. ಸಾಮಾನ್ಯವಾಗಿ ಮೂರು ರಾತ್ರಿ ಸಾಕು. ಒಳಗಿನ ನೀರು ಮಂಜುಗಡ್ಡೆಯಾಗಿ ಹಿಗ್ಗಿ ಜೀವಕೋಶಗಳನ್ನು ಒಡೆಯುತ್ತದೆ, ಕರಗಿದಾಗ ಆ ನೀರು ಹೊರಬರಲು ದಾರಿಯಾಗುತ್ತದೆ. ಮನೆಯ ಫ್ರೀಜರಿನಲ್ಲಿ ಒಂದು ರಾತ್ರಿ ಇಟ್ಟ ಆಲೂಗಡ್ಡೆಯನ್ನು ಕರಗಿಸಿ ಹಿಂಡಿದರೆ ಇದೇ ಕಾಣುತ್ತದೆ.

ಇನ್ನು ತುಳಿಯುವ ಕೆಲಸ. ಬಿಸಿಲೇರಿ ಗಡ್ಡೆ ಮೆತ್ತಗಾದ ಮೇಲೆ ಸಣ್ಣ ಸಣ್ಣ ಗುಡ್ಡೆ ಮಾಡಿ ಬರಿಗಾಲಲ್ಲಿ ತುಳಿಯುತ್ತಾರೆ. ಧಪಧಪನೆ ಕುಟ್ಟುವುದಲ್ಲ, ಹಿಮ್ಮಡಿಯನ್ನು ತಿರುಗಿಸುತ್ತಾ ಒತ್ತುವುದು. ನೀರು ಹರಿದುಹೋಗಬೇಕು, ಸಿಪ್ಪೆ ಸುಲಿಯಬೇಕು, ಗಡ್ಡೆ ಮಾತ್ರ ಒಡೆಯಬಾರದು. ಪೂರ್ತಿ ಕರಗುವ ಮುಂಚೆ ತುಳಿದರೆ ಚೂರಾಗುತ್ತದೆ. ಒಂದೆರಡು ದಿನ ತಡವಾದರೆ ಹುಳಿ ವಾಸನೆ ಹಿಡಿಯುತ್ತದೆ. ಇಡೀ ಕೆಲಸದಲ್ಲಿ ಅತಿ ಹೆಚ್ಚು ಕೈಕಾಲು ಬೇಕಾಗುವುದು ಇಲ್ಲೇ, ಅದೂ ಒಂದೆರಡು ದಿನದೊಳಗೆ. ಆಗ ನೆರವಿಗೆ ಬರುವುದು ಐನಿ. ಇವತ್ತು ನಿಮ್ಮ ಗಡ್ಡೆ ತುಳಿಯಲು ನಾವು, ನಾಳೆ ನಮ್ಮದಕ್ಕೆ ನೀವು. ನಮ್ಮ ಹಳ್ಳಿಗಳ ಮುಯ್ಯಾಳು ಪದ್ಧತಿಯೇ ಅದು, ಲೆಕ್ಕವೂ ಅಷ್ಟೇ ಕಟ್ಟುನಿಟ್ಟು.

ತುಳಿದದ್ದನ್ನು ಮತ್ತೆ ಹರಡಿ ಹತ್ತು-ಹದಿನೈದು ದಿನ ಬಿಸಿಲಿಗೆ ಬಿಡಬೇಕು. ಕೊನೆಗೆ ಅಂಗೈಗಳ ನಡುವೆ ಉಜ್ಜಿ, ಗಾಳಿಗೆ ತೂರಿದರೆ ಉಳಿದ ಸಿಪ್ಪೆ ಹಾರಿಹೋಗುತ್ತದೆ. ಕಪ್ಪಗೆ, ಬೆಂಡಿನಂತೆ ಹಗುರ, ಕಚ್ಚಿದರೆ ಕಲ್ಲು. ಸುಮಾರು 5 ಕಿಲೊ ಹಸಿ ಗಡ್ಡೆಗೆ 1 ಕಿಲೊ ಚುನ್ಯೊ ಸಿಗುತ್ತದೆ. ಒತ್ತಿದಾಗ ನಡುವೆ ಕೊಂಚ ಮೆತ್ತಗೆನಿಸಿದರೂ ಮೂಟೆ ಕಟ್ಟಬೇಡಿ. ಒಂದು ಹಸಿ ಗಡ್ಡೆ ಸಾಕು, ಮೂಟೆಯೆಲ್ಲ ಬೂಸ್ಟು ಹಿಡಿಯಲು. ಸರಿಯಾಗಿ ಒಣಗಿದ್ದು ತೇವ ತಾಕದಿದ್ದರೆ ವರ್ಷಗಟ್ಟಲೆ ಕೆಡುವುದಿಲ್ಲ. ಬೆಳೆ ಕೈಕೊಟ್ಟ ವರ್ಷ ಮನೆಯವರ ಹೊಟ್ಟೆ ತುಂಬಿಸುವುದು ಈ ಮೂಟೆಗಳೇ. ಇಂಕಾ ಅರಸರ ಉಗ್ರಾಣಗಳಲ್ಲೂ, ಮುಂದೆ ಸ್ಪೇನಿನವರ ಕಾಲದಲ್ಲಿ ಈಗಿನ ಬೊಲಿವಿಯಾದ ಪೊಟೊಸಿಯ ಬೆಳ್ಳಿ ಗಣಿಯ ಆಳುಗಳ ಊಟದಲ್ಲೂ ಇದೇ ಇತ್ತು.

ಈ ಕರಿ ಚುನ್ಯೊ ಅಲ್ಲದೆ ಬಿಳಿಯದೂ ಉಂಟು. ಅದಕ್ಕೆ ಐಮಾರಾ ಭಾಷೆಯಲ್ಲಿ ತುಂತಾ, ಆ ಬೆಟ್ಟಗಳ ಇನ್ನೊಂದು ಭಾಷೆಯಾದ ಕೆಚುವಾದಲ್ಲಿ ಮೊರಾಯಾ ಎನ್ನುತ್ತಾರೆ. ಇದಕ್ಕೆ ಬೆಲೆ ಜಾಸ್ತಿ, ಶ್ರಮವೂ ಜಾಸ್ತಿ. ಹೆಪ್ಪುಗಟ್ಟಿದ ಗಡ್ಡೆಗೆ ಬಿಸಿಲು ತಾಗಿದರೆ ಕಪ್ಪಾಗುವುದರಿಂದ ಸೂರ್ಯ ಹುಟ್ಟುವ ಮುಂಚೆಯೇ ಬಾಚಿ ಹುಲ್ಲಿನಡಿ ಮುಚ್ಚಬೇಕು. ಹೀಗೆ ಕೆಲವು ರಾತ್ರಿ ಕಳೆದ ಮೇಲೆ ಬಲೆಯ ಚೀಲಕ್ಕೆ ತುಂಬಿ ಮೂರು-ನಾಲ್ಕು ವಾರ ಹರಿಯುವ ಹೊಳೆಯಲ್ಲಿ ಮುಳುಗಿಸಿಡುತ್ತಾರೆ. ಕಹಿ ತೊಳೆದುಹೋಗುವುದು ಇಲ್ಲಿ. ನೀರು ನಿಂತಿದ್ದರೆ ನಾತ ಹಿಡಿಯುತ್ತದೆ, ಆ ನಾತ ಬೇಯಿಸಿದರೂ ಹೋಗದು. ಮೇಲೆತ್ತಿ ಇನ್ನೊಂದು ರಾತ್ರಿ ಹೆಪ್ಪುಗಟ್ಟಿಸಿ, ತುಳಿದು, ಒಣಗಿಸಿದರೆ ಸುಣ್ಣದ ಉಂಡೆಯಂಥ ತುಂತಾ ಸಿದ್ಧ.

ಅಡುಗೆಗೆ ಹಿಂದಿನ ರಾತ್ರಿಯೇ ನೆನೆಹಾಕಬೇಕು. ಕರಿ ಚುನ್ಯೊ ಆದರೆ ನೀರನ್ನು ಎರಡು-ಮೂರು ಸಲ ಬದಲಿಸಿ, ಬೆಳಗ್ಗೆ ಚೆನ್ನಾಗಿ ಹಿಂಡಿ, ಉಳಿದ ಸಿಪ್ಪೆ ತೆಗೆದು, ಉಪ್ಪು ಹಾಕಿ ಮೆತ್ತಗಾಗುವವರೆಗೆ ಬೇಯಿಸಿ. ಆ ಎತ್ತರದಲ್ಲಿ ನೀರು ಸುಮಾರು 88 ಡಿಗ್ರಿಗೇ ಕುದಿಯುವುದರಿಂದ ಒಲೆ ಮುಂದೆ ತಾಳ್ಮೆ ಬೇಕು. ಬೆಂದದ್ದನ್ನು ಮೊಟ್ಟೆ, ಚೀಸ್ ಜೊತೆ ಹುರಿದರೆ ಚುನ್ಯೊ ಫುತಿ. ಕುಟ್ಟಿ ಪುಡಿಮಾಡಿ ಕುರಿಮಾಂಸ, ತರಕಾರಿಗಳ ಸಾರಿಗೆ ಹಾಕಿದರೆ ಬೊಲಿವಿಯಾದ ಲಾ ಪಾಸ್ ಕಡೆಯ ಚೈರೊ. ತುಂತಾದ ಹೊಟ್ಟೆ ಸೀಳಿ ಒಳಗೊಂದು ಚೀಸ್ ತುಂಡು ಇಟ್ಟು ಹಬೆಯಲ್ಲಿ ಬೇಯಿಸುವುದೂ ಉಂಟು. ಅದನ್ನು ಬಿಸಿಯಾಗಿದ್ದಾಗಲೇ ತಿನ್ನಬೇಕು.