ಬರಗಾಲದ ವರ್ಷವೂ ಮಳೆನೀರೇ ಕುಡಿದೆವು: ಚಳ್ಳಕೆರೆ ಕಡೆಯ ನನ್ನ ಅನುಭವ

ಚಳ್ಳಕೆರೆ ತಾಲ್ಲೂಕಿನಲ್ಲಿ ಮಳೆನೀರು ಹಿಡಿದು ಕುಡಿಯುತ್ತೇವೆ ಅಂದರೆ ನಮ್ಮ ಕೊಳಾಯಿ ಕೆಲಸದವರೇ ಮೊದಲು ನಗುತ್ತಾರೆ. ವರ್ಷವೆಲ್ಲಾ ಸೇರಿ 500 ಮಿಮೀ ಬಿದ್ದರೆ ಪುಣ್ಯ, ಅದನ್ನು ನಂಬಿ ತೊಟ್ಟಿ ಕಟ್ಟಿಸ್ತೀಯಾ ಅಂತ ನನಗೂ ಕೇಳಿದರು. 2022ರಲ್ಲಿ ತೊಟ್ಟಿಗಳು ತುಂಬಿ ಹರಿದಾಗಲೂ ಒಪ್ಪಲಿಲ್ಲ. ಮಾರಿಕಣಿವೆ ಡ್ಯಾಮೇ 89 ವರ್ಷ ಆದಮೇಲೆ ಕೋಡಿ ಬಿದ್ದಿದೆ, ನಿನ್ನ ತೊಟ್ಟಿ ತುಂಬೋದು ಯಾವ ಲೆಕ್ಕ ಅಂದರು. ಅದೂ ನ್ಯಾಯವೇ. ಆದರೆ 2023ರಲ್ಲಿ ರಾಜ್ಯಕ್ಕೆ ರಾಜ್ಯವೇ ಬರ ಅಂತ ಘೋಷಣೆ ಆಯಿತಲ್ಲ, ಆ ವರ್ಷ ದಾಟಿದ ಮೇಲೆ ಯಾರೂ ಮಾತಾಡಲಿಲ್ಲ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ನಾಯಕನಹಟ್ಟಿ ಕಡೆಯ ಒಂದು ಹಟ್ಟಿ. ಇಪ್ಪತ್ತು ಚಿಲ್ಲರೆ ಮನೆ. ಇರುವುದು ಒಂದೇ ಬೋರು. ಪಂಚಾಯಿತಿಯ ನೀರು ಪರೀಕ್ಷೆ ಕಿಟ್‌ನಲ್ಲಿ ನೋಡಿದರೆ ಹಲ್ಲು, ಮೂಳೆ ಹಾಳು ಮಾಡುವ ಫ್ಲೋರೈಡ್ ಮೂರರ ಮೇಲೆ ತೋರಿಸುತ್ತಿತ್ತು. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿಯೇ ಇಲ್ಲ ಅಂದರೆ 1.5. ಹುಡುಗರ ಹಲ್ಲು ನೋಡಿದರೆ ಕಿಟ್ಟೂ ಬೇಕಾಗಿರಲಿಲ್ಲ. ಕಾಯಿಸಿ ಕುಡಿಯಿರಿ ಅಂತ ಯಾರೋ ಹೇಳಿ ಹೋಗಿದ್ದರು. ಕಾಯಿಸಿದರೆ ನೀರು ಕಮ್ಮಿ ಆಗುತ್ತೆ, ಫ್ಲೋರೈಡ್ ಅಷ್ಟೇ ಉಳಿಯುತ್ತೆ, ಇನ್ನೂ ಗಟ್ಟಿ ಆಯಿತು ಅಷ್ಟೇ. ಆಗ ಐದು ರೂಪಾಯಿಗೆ ಇಪ್ಪತ್ತು ಲೀಟರ್ ಕೊಡುತ್ತಿದ್ದ ಶುದ್ಧ ನೀರಿನ ಘಟಕ ನಾಲ್ಕೈದು ಕಿಲೋಮೀಟರ್ ದೂರ. ಅದೂ ಕರೆಂಟ್ ಇದ್ದಾಗ, ನೀರು ಸೋಸುವ ಮೆಂಬ್ರೇನ್ ಕಟ್ಟಿಕೊಳ್ಳದೆ ಇದ್ದಾಗ. ಗಾಡಿ ಇದ್ದ ಮನೆಯವರು ಕ್ಯಾನ್ ತರುತ್ತಿದ್ದರು, ಉಳಿದವರಿಗೆ ಬೋರೇ ಗತಿ.

ಫ್ಲೋರೈಡ್ ಹೀರಿಕೊಳ್ಳುವ ಅಲ್ಯೂಮಿನಾ ಫಿಲ್ಟರ್ ಕೂಡ ಇಟ್ಟು ನೋಡಿದೆವು. ಕೆಲವು ತಿಂಗಳು ಚೆನ್ನಾಗಿತ್ತು. ಆಮೇಲೆ ಅದನ್ನು ಕಾಸ್ಟಿಕ್ ಸೋಡಾ, ಆಸಿಡ್ ಹಾಕಿ ತೊಳೆಯಬೇಕು. ಯಾರು ತೊಳೀತಾರೆ? ಈಗ ಆ ಡಬ್ಬದಲ್ಲಿ ಕೋಳಿ ಮೊಟ್ಟೆ ಇಡುತ್ತೆ.

ಸರಿ, ಲೆಕ್ಕಕ್ಕೆ ಬರುತ್ತೇನೆ. ನಗುವವರು ಸ್ನಾನ, ಬಟ್ಟೆ, ದನ, ಎಲ್ಲಾ ಸೇರಿಸಿ ಲೆಕ್ಕ ಹಾಕುತ್ತಾರೆ. ನಾನು ಕುಡಿಯೋಕೆ, ಅಡುಗೆಗೆ ಮಾತ್ರ ಹಾಕಿದೆ. ಐದು ಜನರ ಮನೆಗೆ ದಿನಕ್ಕೆ ಮೂವತ್ತು ಲೀಟರ್ ಸಾಕು. ಕಾರ್ತೀಕದಿಂದ ಮೇ ತಿಂಗಳ ಗುಡುಗು ಮಳೆವರೆಗೆ ಆರೂವರೆ, ಏಳು ತಿಂಗಳು. ಅಂದರೆ ಆರು ಸಾವಿರ ಲೀಟರ್ ಚಿಲ್ಲರೆ. 40 ಚದರ ಮೀಟರ್ ತಾರಸಿ ಇದ್ದರೆ ಸಾಧಾರಣ ವರ್ಷದಲ್ಲಿ ಇದರ ಎರಡರಷ್ಟಕ್ಕೂ ಹೆಚ್ಚು ಬೀಳುತ್ತೆ. ಹಟ್ಟಿಯ ಹಿರಿಯರು ಇದನ್ನೆಲ್ಲಾ ಕೇಳಲಿಲ್ಲ, ನಾನು ಚಿತ್ರದುರ್ಗದ ಕೋಟೆ ಕಡೆ ಕೈ ತೋರಿಸಿದೆ. ಮೇಲಿನ ಹೊಂಡ ತುಂಬಿ ಕೆಳಗಿನ ಸಿಹಿನೀರು ಹೊಂಡಕ್ಕೆ, ಅಲ್ಲಿಂದ ಸಂತೆ ಹೊಂಡಕ್ಕೆ, ಪಾಳೇಗಾರರು ಕುಡಿದದ್ದು ಯಾವ ನೀರು ಅಂತ. ಅದಕ್ಕೆ ತಲೆಯಾಡಿಸಿದರು.

ತೊಟ್ಟಿಗೆ ಆರಡಿ ಅಗಲದ ಸಿಮೆಂಟ್ ರಿಂಗ್, ಎಂಟು ಇಳಿಸಿದರೆ 6,400 ಲೀಟರ್. ಗುಂಡಿ ತೋಡುವುದು ಅವರವರದ್ದೇ, ಕಲ್ಲು ಸಿಕ್ಕರೆ ಅವರ ಹಣೆಬರಹ. ಮೊದಲ ಬ್ಯಾಚಿನಲ್ಲಿ ರಿಂಗಿನ ಸಂದು ಎಲ್ಲಾ ಸೋರಿದವು. ಮೇಸ್ತ್ರಿ ಬರೀ ಗಾರೆ ಮೆತ್ತಿದ್ದ, ಬೇಸಿಗೆ ಕಾವಿಗೆ ಬಿರುಕು ಬಿಟ್ಟಿತು, ತುಂಬಿದ ತೊಟ್ಟಿ ವಾರದಲ್ಲಿ ಮೊಳಕಾಲುದ್ದ ಇಳಿಯಿತು. ಆಮೇಲೆ ಒಳಗೆಲ್ಲಾ ಕೋಳಿ ಜಾಲರಿ ಬಡಿದು ಎರಡು ಕೋಟ್ ಪ್ಲಾಸ್ಟರ್ ಮಾಡಿಸಿದೆ. ಸಂದಿಗೆ ಹಾಕುವ ಗಾರೆಯಲ್ಲಿ ಇನ್ನೊಂದು ವಸ್ತು ಬೆರೆಸುತ್ತೇನೆ, ಅದನ್ನು ಇಲ್ಲಿ ಬರೆಯಲ್ಲ, ಹೊಟ್ಟೆಪಾಡು. ಹೊಸ ಸಿಮೆಂಟಿನ ಮೊದಲ ನೀರು ಬಾಯಿಗೆ ಇಡೋಕಾಗಲ್ಲ, ಸುಣ್ಣದ ಒಗರು. ಅದನ್ನು ಹೊರಗೆ ಚೆಲ್ಲಿ ಅಂದರೆ ಹೆಂಗಸರು ನನ್ನನ್ನು ಬೈದಷ್ಟು ಯಾರೂ ಬೈದಿಲ್ಲ.

ಸೋಸೋಕೆ ಜಲ್ಲಿ, ಇದ್ದಿಲು, ಮರಳು ಎಲ್ಲರೂ ಹಾಕೋದೇ, ಬಿಡಿ. ನಿಜವಾದ ಕೆಲಸ ಇರುವುದು ತಾರಸಿ ತೊಳೆದು ಬರುವ ಮೊದಲ ಕೊಳೆ ನೀರನ್ನು ತೊಟ್ಟಿಗೆ ಹೋಗದಂತೆ ಹೊರಗೆ ಬಿಡುವುದರಲ್ಲಿ. ನಮ್ಮ ಕಡೆ ತಾರಸಿ ಅಂದರೆ ಕಣ ಇದ್ದಂಗೆ, ಶೇಂಗಾ, ಹುಣಸೆ, ಮೆಣಸಿನಕಾಯಿ ಎಲ್ಲಾ ಅಲ್ಲೇ. ಒಂದು ಮನೆಯಲ್ಲಿ ಮೆಣಸಿನಕಾಯಿ ಒಣಗಿಸಿದ ತಾರಸಿ ನೀರು ನೇರ ತೊಟ್ಟಿಗೆ ಹೋಗಿ, ಆ ಮನೆಯ ಕಾಫಿ ಖಾರ ಆಗಿತ್ತು, ಸುಳ್ಳಲ್ಲ. ನಾಲ್ಕಿಂಚು ಪೈಪ್ ನಿಲ್ಲಿಸಿ ಮೊದಲ ನೀರು ಹಿಡಿಯುವವರು ಇದ್ದಾರೆ. ಮೀಟರಿಗೆ ಎಂಟು ಲೀಟರ್ ಹಿಡಿಯುತ್ತೆ, ಏನೂ ಸಾಲಲ್ಲ. ನಾನು 60 ಲೀಟರಿನ ನೀಲಿ ಡ್ರಮ್ಮು ಇಟ್ಟೆ, ಬಾಯಿಯ ಕೆಳಗೆ ತೇಲುವ ಚೆಂಡು. ಡ್ರಮ್ಮು ತುಂಬಿದರೆ ಚೆಂಡು ಬಾಯಿ ಮುಚ್ಚುತ್ತೆ, ನೀರು ತೊಟ್ಟಿ ಕಡೆ ತಿರುಗುತ್ತೆ. ತಳದಲ್ಲಿ ಸಣ್ಣ ತೂತು, ಮಳೆ ನಿಂತ ಮೇಲೆ ತಾನೇ ಖಾಲಿ ಆಗಲಿ ಅಂತ. ತೂತು ಶೇಂಗಾ ಹೊಟ್ಟಿನಿಂದ ಕಟ್ಟಿಕೊಳ್ಳುತ್ತೆ, ಅದಕ್ಕೆ ಅಡ್ಡ ಸೊಳ್ಳೆ ಪರದೆ ತುಂಡು ಕಟ್ಟಿ.

ಮೋಟಾರ್ ಯಾರಿಗೂ ಹಾಕಿಕೊಡಲಿಲ್ಲ. ಜಗಳ ಆಯಿತು. ಮೋಟಾರ್ ಬಂದರೆ ಮೇಲೆ ಟ್ಯಾಂಕ್ ಬರುತ್ತೆ, ಟ್ಯಾಂಕ್ ಬಂದರೆ ಬಚ್ಚಲಿಗೆ ಪೈಪ್ ಹೋಗುತ್ತೆ, ಸಂಕ್ರಾಂತಿಗೆ ತೊಟ್ಟಿ ಖಾಲಿ. ಪಿವಿಸಿ ಪೈಪಿನಲ್ಲೇ ಕೈಪಂಪು ಮಾಡಿ ಅಡುಗೆಮನೆ ಒಳಗೇ ಕೂರಿಸಿದೆ. ಒಂದು ಬಿಂದಿಗೆಗೆ ಹದಿನೈದಿಪ್ಪತ್ತು ಸಲ ಒತ್ತಬೇಕು, ಯಾರೂ ಸುಮ್ನೆ ಪೋಲು ಮಾಡಲ್ಲ. ವಾಶರ್ ಯಾವುದರದ್ದು ಅಂತ ಕೇಳಬೇಡಿ, ಅದೂ ಹೇಳಲ್ಲ.

ದುಡ್ಡು. ಮನೆಗೆ ಹೆಚ್ಚು ಕಡಿಮೆ 28 ಸಾವಿರ ಬಿತ್ತು, ಅದರಲ್ಲಿ ರಿಂಗು, ಟ್ರ್ಯಾಕ್ಟರ್ ಬಾಡಿಗೆಯೇ ಅರ್ಧ. ಒಂದು ಕಂಪನಿಯವರು ಕೊಡ್ತೀವಿ ಅಂತ ಬಂದು, ಮಕ್ಕಳನ್ನು ನಿಲ್ಲಿಸಿ ಫೋಟೋ ತೆಗೆದುಕೊಂಡು ಹೋದವರು ಫೋನ್ ಎತ್ತಲಿಲ್ಲ. ಕೊನೆಗೆ ಚೀಟಿ ಹಾಕಿದೆವು. ಶೇಂಗಾ ಮಾರಿದಾಗ ಒಂದು ಕಂತು, ಕುರಿ ಮಾರಿದಾಗ ಒಂದು ಕಂತು. ನನ್ನ ಕೂಲಿ ಇನ್ನೂ ಮೂರು ಮನೆಯಲ್ಲಿ ಬಾಕಿ ಇದೆ, ಅವರೂ ಓದುತ್ತಿದ್ದರೆ ಒಳ್ಳೆಯದು.

ಒಂದು ವಿಷಯ ನಾನು ಎಣಿಸಿರಲೇ ಇಲ್ಲ. ಹೆಂಗಸರು ಒಪ್ಪಿದ್ದು ಫ್ಲೋರೈಡ್ ಮಾತಿಗಲ್ಲ, ತೊಗರಿಬೇಳೆಗೆ. ಬೋರಿನ ಗಡಸು ನೀರಲ್ಲಿ ಕುಕ್ಕರ್ ಏಳೆಂಟು ಸೀಟಿ ಹೊಡೆದರೂ ಕಾಳುಕಾಳಾಗಿ ಇರುತ್ತಿದ್ದ ಬೇಳೆ ಮಳೆನೀರಲ್ಲಿ ಮೂರಕ್ಕೇ ಕರಗಿತು. ಬರೀ ನೀರು ಮಾತ್ರ ಸಪ್ಪೆ ಅಂತ ಮುದುಕರು ಮೊದಮೊದಲು ಉಗುಳಿದರು.

2023ರಲ್ಲಿ ಉತ್ತರೆ ಮಳೆ ಕೈಕೊಟ್ಟಿತು, ಹಸ್ತ ಹೆಸರಿಗೆ ಮಾತ್ರ. ತೊಟ್ಟಿಗಳು ಮುಕ್ಕಾಲು ತುಂಬಿದ್ದವು ಅಷ್ಟೇ. ಕೋಲು ಇಳಿಸಿ ಗೆರೆ ಹಾಕಿಕೊಂಡು ತಿಂಗಳಿಗೆ ಎಷ್ಟು ಇಳಿಯಬೇಕು ಅಂತ ಗೋಡೆ ಮೇಲೆ ಬರೆದೆವು. ಜಾತ್ರೆಗೆ ನೆಂಟರು ಬಂದು ಎರಡು ಮೂರು ಮನೆ ಖಾಲಿ ಮಾಡಿಕೊಂಡರು. ಉಳಿದವರದ್ದು ಯುಗಾದಿ ದಾಟಿತು, ಆಮೇಲೆ ಮೇ ಮಳೆ ಬರುವವರೆಗೆ ಶಾಲೆಯ ದೊಡ್ಡ ಮಳೆನೀರು ತೊಟ್ಟಿಯಿಂದ ಮನೆಗೆ ದಿನಕ್ಕೊಂದು ಬಿಂದಿಗೆ. ಮಾಳಿಗೆ ಮನೆಯವರಿಗೂ ಅದೇ. ಮೇಲೆ ಮಣ್ಣು ಇರುವ ಮನೆಯಲ್ಲಿ ನೀರು ಹಿಡಿಯೋಕಾಗಲ್ಲ, ಅಲ್ವಾ.

ಪಾರಿವಾಳ ಕೂರುವ ಒಂದು ಮನೆಯ ನೀರು ಪರೀಕ್ಷೆ ಬಾಟಲಿಯಲ್ಲಿ ಮಾರನೇ ದಿನ ಕಪ್ಪಾಯಿತು, ಅಂದರೆ ಹೊಲಸಿನ ಕ್ರಿಮಿ ಸೇರಿದೆ ಅಂತ. ತುಂಬಿದ ತೊಟ್ಟಿಗೆ 25 ಗ್ರಾಂ ಬ್ಲೀಚಿಂಗ್ ಪುಡಿ, ಬಕೆಟ್‌ನಲ್ಲಿ ಕದಡಿ, ತಿಳಿ ಮಾತ್ರ ಹಾಕಿ. ಮತ್ತೆ ಕಪ್ಪಾಗಲಿಲ್ಲ. ಮಧ್ಯೆ ಕಟ್ಟೆಯ ಕೆಂಪು ನೀರಿಗೆ ನುಗ್ಗೆಬೀಜದ ಪುಡಿಯನ್ನೂ ಹಾಕಿ ನೋಡಿದೆ, ಒಂದೆರಡು ಗಂಟೆಯಲ್ಲಿ ತಿಳಿಯಾಯಿತು, ಮಾರನೇ ದಿನಕ್ಕೆ ವಾಸನೆ. ದನಕ್ಕಾದರೆ ನಡೆಯುತ್ತೆ.

ಈಗ ತುಂಬಿ ಹರಿಯುವ ನೀರನ್ನು ಜಲ್ಲಿ ಗುಂಡಿ ಮೂಲಕ ಆ ಬೋರಿನ ಪಕ್ಕಕ್ಕೇ ಬಿಟ್ಟಿದ್ದೇನೆ. ಮಳೆಗಾಲದಲ್ಲಿ ಕಿಟ್ಟಿನ ಬಣ್ಣ ಸ್ವಲ್ಪ ಬದಲಾಗುತ್ತೆ, ಫ್ಲೋರೈಡ್ ಇಳಿದಂತೆ ತೋರಿಸುತ್ತೆ, ಬೇಸಿಗೆಗೆ ಮತ್ತೆ ಅಲ್ಲಿಗೇ. ತಗಡಿನ ಮನೆಗಳದ್ದು ಇನ್ನೂ ತಲೆನೋವು, ಜೋರು ಗಾಳಿಗೆ ಸೂರಿನಂಚಿನಲ್ಲಿ ನೀರು ಹಿಡಿಯುವ ದೋಣಿ ಕಿತ್ತುಕೊಂಡು ಹೋಗುತ್ತೆ. ಆರಿಂಚು ಪೈಪನ್ನು ಸೀಳಿ ಕಬ್ಬಿಣದ ಕೊಕ್ಕೆ ಎರಡಡಿಗೊಂದು ಹಾಕಿ ನೋಡುತ್ತಿದ್ದೇನೆ. ಬೇರೆ ಉಪಾಯ ಯಾರಿಗಾದರೂ ಗೊತ್ತಿದ್ದರೆ ಹೇಳಿ.